ಹಾಡಿ ಗಳಿಸಿದ ಬೆಟ್ಟ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ಶನಿವಾರಗಳಿಗೆ ಎಲ್ಲಿಲ್ಲದ ಬೇಡಿಕೆ. ಮೇಪಲ್ ಮರಗಳು ಕೆಂಪೇರುವುದು ಆಗಲೇ. ಬಾಸ್ಟನ್, ನ್ಯೂಯಾರ್ಕ್ ಕಡೆಯ ಜನ ಕಾರು ಹತ್ತಿ ಉತ್ತರಕ್ಕೆ ಹೊರಡುವುದೂ ಆಗಲೇ. ಬೆಟ್ಟದ ಹುಲ್ಲುಗಾವಲಿನಲ್ಲೇ ಮದುವೆಯಾಗಬೇಕೆಂದು ಹಟ ಹಿಡಿದ ಜೋಡಿಗಳು ದಿನ ಗೊತ್ತುಮಾಡಿಕೊಳ್ಳುವುದೂ ಆಗಲೇ. ಅಲ್ಲಿ ಮುಹೂರ್ತ ಇಡುವುದು ಮರದ ಎಲೆ. ಸ್ಟೋ ಎಂಬ ಸಣ್ಣ ಊರಿನ ಮೇಲ್ಭಾಗದಲ್ಲಿರುವ ಟ್ರಾಪ್ ಕುಟುಂಬದ ಲಾಡ್ಜ್ ಇಂಥ ಮದುವೆಗಳಿಗೆ ಹೆಸರುವಾಸಿ. ಸುತ್ತ ಸುಮಾರು 2,500 ಎಕರೆ ಕಾಡು ಮತ್ತು ಹುಲ್ಲುಗಾವಲು, ಎದುರಿಗೆ ಸಾಲು ಬೆಟ್ಟ, ಇಳಿಜಾರಿನಲ್ಲಿ ಸಾಲಾಗಿ ಜೋಡಿಸಿದ ಕುರ್ಚಿಗಳು.

ನಾನು ಅಲ್ಲಿಗೆ ಹೋದದ್ದು ಯಾರ ಮದುವೆಗೂ ಅಲ್ಲ. ಆ ಲಾಡ್ಜಿನ ಹಿಂದಿನ ಕಾಡಿನಲ್ಲಿ, ಯುದ್ಧದಿಂದ ಜೀವಸಹಿತ ಮರಳಿದ ಮಗನೊಬ್ಬ ಕಟ್ಟಿದ ಕಲ್ಲಿನ ಪುಟ್ಟ ಪ್ರಾರ್ಥನಾ ಮಂದಿರವಿದೆ ಎಂದು ಎಲ್ಲೋ ಓದಿದ್ದೆ. ಅದನ್ನು ನೋಡಬೇಕಿತ್ತು. ಅದರ ಕಥೆಗೆ ಬರುವ ಮುನ್ನ ಈ ಕುಟುಂಬ ಯಾವುದೆಂದು ಹೇಳಬೇಕು. ಹೇಳಿದ ಕೂಡಲೇ ಅರ್ಧ ಓದುಗರು ಹಾಡು ಗುನುಗತೊಡಗುತ್ತಾರೆ ಎಂಬುದೂ ಗೊತ್ತು.

‘ದ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ಟ್ರಾಪ್ ಕುಟುಂಬವೇ ಇದು. 1965ರ ಆ ಚಿತ್ರ ಐದು ಆಸ್ಕರ್ ಗೆದ್ದಿತು. ನಮ್ಮ ಕಾನ್ವೆಂಟ್ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಅದರ ಸ್ವರಗಳ ಹಾಡನ್ನು ಹಾಡದ ಮಕ್ಕಳು ಕಡಿಮೆ. ಗುಲ್ಜಾರರ ‘ಪರಿಚಯ್’ ಕೂಡ ಅದರ ನೆರಳಲ್ಲೇ ಬೆಳೆದದ್ದು. ಚಿತ್ರದ ಕೊನೆಯಲ್ಲಿ ಇಡೀ ಕುಟುಂಬ ಬೆಟ್ಟ ಹತ್ತಿ ನಾಜಿಗಳಿಂದ ಪಾರಾಗುತ್ತದೆ. ನಿಜದಲ್ಲಿ ಅವರು ರೈಲು ಹತ್ತಿ ಇಟಲಿಗೆ ಹೋದರು. ಸಾಲ್ಜ್‌ಬರ್ಗ್‌ನ ಆ ಬೆಟ್ಟ ಹತ್ತಿಳಿದಿದ್ದರೆ ಹಿಟ್ಲರನ ಮನೆಯಿದ್ದ ಜರ್ಮನಿಯ ಮಗ್ಗುಲಿಗೇ ಹೋಗಿ ಬೀಳುತ್ತಿದ್ದರು. ಅವರ ಬಾಳಿನ ನಿಜವಾದ ಬೆಟ್ಟ ಬಂದದ್ದು ನಾಲ್ಕು ವರ್ಷಗಳ ನಂತರ, ಸಾಗರದಾಚೆ. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಾಯಿತು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಗಿಯೋರ್ಗ್ ಫಾನ್ ಟ್ರಾಪ್ ಆಸ್ಟ್ರಿಯಾ-ಹಂಗರಿ ನೌಕಾಪಡೆಯಲ್ಲಿ ಜಲಾಂತರ್ಗಾಮಿಯ ಕಮಾಂಡರ್ ಆಗಿದ್ದವರು. ಮೊದಲ ಹೆಂಡತಿ 1922ರಲ್ಲಿ ತೀರಿಕೊಂಡರು, ಮಕ್ಕಳು ಏಳು. ಆ ಪೈಕಿ ಕಾಯಿಲೆಯಿಂದ ಏಳುತ್ತಿದ್ದ ಒಬ್ಬ ಮಗಳಿಗೆ ಪಾಠ ಹೇಳಲೆಂದು 1926ರಲ್ಲಿ ಕ್ರೈಸ್ತ ಮಠದಿಂದ ಬಂದ ಮರಿಯಾ ಮರುವರ್ಷವೇ ಅವರ ಕೈಹಿಡಿದರು. ಮತ್ತೆ ಮೂರು ಮಕ್ಕಳಾದವು. ಬ್ಯಾಂಕೊಂದು ಮುಳುಗಿ ಆಸ್ತಿ ಕರಗಿತು. ಆಗ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು, ಬಾಡಿಗೆಗೆ ಬಂದ ಪಾದ್ರಿ ಫ್ರಾನ್ಸ್ ವಾಸ್ನರ್ ಇವರ ಹಾಡನ್ನು ತಿದ್ದಿದರು, ಹವ್ಯಾಸ ಹೊಟ್ಟೆಪಾಡಾಯಿತು. ಗಿಯೋರ್ಗ್ ಹುಟ್ಟಿದ್ದು ಈಗ ಕ್ರೊವೇಶಿಯಾದಲ್ಲಿರುವ ಜದಾರ್‌ನಲ್ಲಿ. ಮೊದಲ ಮಹಾಯುದ್ಧದ ನಂತರ ಆ ಊರು ಇಟಲಿಯ ಪಾಲಾಗಿದ್ದರಿಂದ ಕುಟುಂಬಕ್ಕೆ ಇಟಲಿಯ ಪೌರತ್ವವಿತ್ತು. 1938ರಲ್ಲಿ ರೈಲು ಹತ್ತಲು ದಾರಿಯಾದದ್ದು ಅದೇ ಕಾಗದ. ಮರುವರ್ಷ ಅಮೆರಿಕಕ್ಕೆ ಎರಡನೇ ಸಲ ಬಂದಿಳಿದಾಗ, ಎಷ್ಟು ದಿನ ಇರುತ್ತೀರಿ ಎಂದು ಅಧಿಕಾರಿ ಕೇಳಿದರೆ ಮರಿಯಾ ಸಂಭ್ರಮದಲ್ಲಿ, ಇನ್ನು ಇಲ್ಲಿಂದ ಹೋಗುವ ಆಸೆಯೇ ಇಲ್ಲ ಎಂದುಬಿಟ್ಟರಂತೆ. ತಾತ್ಕಾಲಿಕ ವೀಸಾದವರು ಆಡುವ ಮಾತೇ ಅದು! ಇಡೀ ಸಂಸಾರ ಕೆಲವು ದಿನ ಎಲಿಸ್ ದ್ವೀಪದಲ್ಲಿ ಬಂದಿಯಾಯಿತು.

1942ರಲ್ಲಿ ಸ್ಟೋ ಮೇಲಿನ 660 ಎಕರೆಯ ಹಳೆಯ ಫಾರ್ಮ್ ಕೊಂಡರು. ಆಸ್ಟ್ರಿಯಾದ ನೆನಪು ತರುವ ಬೆಟ್ಟಸಾಲು ಎದುರಿಗೆ ಕಂಡದ್ದೇ ಕಾರಣ. ಮಣ್ಣನ್ನಾಗಲಿ ಮನೆಯನ್ನಾಗಲಿ ಹೆಚ್ಚು ಪರೀಕ್ಷೆ ಮಾಡಿದಂತಿಲ್ಲ. ಒಂದು ಚಳಿಗಾಲದಲ್ಲಿ, ಇವರು ಹಾಡಲು ಹೋಗಿದ್ದಾಗ, ಆ ಹಳೆಯ ಮನೆಯ ಒಂದು ಭಾಗ ಕುಸಿದೇ ಹೋಯಿತು. ಹೊಸ ಮನೆ ಕಟ್ಟೋಣವೆಂದರೆ ದುಡಿಯುವ ವಯಸ್ಸಿನ ಗಂಡುಮಕ್ಕಳಿಬ್ಬರೂ ಸೇನೆಗೆ ಹೋಗಿಯಾಗಿತ್ತು. ಕಟ್ಟಡದ ಕೆಲಸಕ್ಕೆ ಕೈಹಾಕಿದವರು ಹೆಣ್ಣುಮಕ್ಕಳು ಮತ್ತು ಅರವತ್ತು ದಾಟಿದ ನಿವೃತ್ತ ನೌಕಾಧಿಕಾರಿ. ಮನೆಗೆ ‘ಕೋರ್ ಊನುಮ್’ ಎಂದು ಹೆಸರಿಟ್ಟರು, ಲ್ಯಾಟಿನ್ನಿನಲ್ಲಿ ಒಂದೇ ಹೃದಯ ಎಂದರ್ಥ. ಮುಂದೆ ಪಾಲಿನ ಜಗಳ ಕೋರ್ಟಿನ ಮೆಟ್ಟಿಲೇರಿದ ಮನೆಗೆ ಈ ಹೆಸರು! ಇರಲಿ, ಅದು ಆಮೇಲಿನ ಮಾತು.

ಫಾರ್ಮ್‌ನಲ್ಲಿ ಇವರಿಗೆ ಅತಿ ಬೇಗ ಕೈಗೆ ಹತ್ತಿದ ಕೆಲಸ ಮೇಪಲ್ ಪಾಕ. ನಮ್ಮ ಆಲೆಮನೆ ಕಂಡವರಿಗೆ ಇದನ್ನು ವಿವರಿಸುವುದು ಸುಲಭ: ಅದೇ ಒಲೆ, ಅದೇ ಹಬೆ, ಅದೇ ರಾತ್ರಿಯೆಲ್ಲ ಎಚ್ಚರ, ಕಬ್ಬಿನ ಬದಲು ಮರ. ಮಾರ್ಚ್ ಹೊತ್ತಿಗೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು. ಈ ಏರಿಳಿತದಲ್ಲೇ ಮರದೊಳಗಿನ ರಸ ಹರಿಯುವುದು. ಕಾಂಡಕ್ಕೆ ಸಣ್ಣ ತೂತು ಕೊರೆದು, ನಳಿಗೆ ಬಡಿದು, ಬಕೆಟ್ಟು ತೂಗುಹಾಕುತ್ತಾರೆ. ತೊಟ್ಟಿಕ್ಕುವ ರಸ ನೋಡಲು ನೀರೇ, ನಾಲಿಗೆಗಿಟ್ಟರೆ ಮಾತ್ರ ಸಿಹಿ ಇದೆಯೋ ಇಲ್ಲವೋ ಎಂಬ ಅನುಮಾನ. ನಲವತ್ತು ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ ಸಿಕ್ಕೀತು. ಆ ಬಿಸಿ ಪಾಕವನ್ನು ಹೊಸದಾಗಿ ಬಿದ್ದ ಹಿಮದ ಮೇಲೆ ಸುರಿದರೆ ಅಂಟು ಮಿಠಾಯಿಯಂತೆ ಗಟ್ಟಿಯಾಗುತ್ತದೆ. ಫೋರ್ಕಿಗೆ ಸುತ್ತಿಕೊಂಡು ತಿನ್ನುವುದು, ನಡುನಡುವೆ ಬಾಯಿ ಕಟ್ಟದಂತೆ ಹುಳಿ ಬರಿಸಿದ ಸೌತೆಕಾಯಿ ಕಚ್ಚುವುದು ವರ್ಮಾಂಟಿನ ಪದ್ಧತಿ. ಹೋಳಿಗೆಯ ಪಕ್ಕ ಉಪ್ಪಿನಕಾಯಿ ಬಡಿಸಿಕೊಳ್ಳುವವರಿಗೆ ಇದರಲ್ಲಿ ಆಶ್ಚರ್ಯಪಡುವುದೇನಿಲ್ಲ. ಲಾಡ್ಜಿನವರು ಈಗಲೂ ಮೇಪಲ್ ಪಾಕ ಕಾಯಿಸುತ್ತಾರೆ. ಹಾಗೆಂದು ಬರಿ ಪಾಕದಿಂದ ಇಷ್ಟು ದೊಡ್ಡ ಸಂಸಾರ ನಡೆಯುತ್ತಿರಲಿಲ್ಲ. ಜಮೀನಿಗೆ ಹಾಕುವ ದುಡ್ಡನ್ನು ಊರೂರು ಸುತ್ತಿ ಹಾಡಿಯೇ ತರಬೇಕಿತ್ತು.

ಈಗ ಆ ಮಗನ ಕಥೆ. ವೆರ್ನರ್ ಹುಟ್ಟಿದ್ದು 1915ರಲ್ಲಿ, ಮನೆಯ ಮೇಳದಲ್ಲಿ ಟೆನರ್ ಕಂಠ. ಚಿತ್ರದಲ್ಲಿ ಇವರಿಗೆ ಕರ್ಟ್ ಎಂದು ಹೆಸರಿಟ್ಟು ತುಂಟ ಹುಡುಗನನ್ನಾಗಿ ಮಾಡಿದ್ದಾರೆ. ಇವರು ಮತ್ತು ಅಣ್ಣ ರೂಪರ್ಟ್ ಇಬ್ಬರೂ ಅಮೆರಿಕ ಸೇನೆಯ ಹತ್ತನೆಯ ಪರ್ವತ ಡಿವಿಷನ್ ಸೇರಿದರು. ಹಿಮದಲ್ಲಿ ಸ್ಕೀ ಮಾಡಬಲ್ಲವರು, ಬಂಡೆ ಹತ್ತಬಲ್ಲವರನ್ನು ಆರಿಸಿ ಕಟ್ಟಿದ ಪಡೆ ಅದು. ಕೊಲೊರಾಡೊದಲ್ಲಿ ಒಂಬತ್ತು ಸಾವಿರ ಅಡಿಗೂ ಎತ್ತರದ ಕಣಿವೆಯಲ್ಲಿ ತರಬೇತಿ. ಕಾದಿದ್ದು 1945ರ ಆರಂಭದಿಂದ ಇಟಲಿಯ ಬೆಟ್ಟಗಳಲ್ಲಿ. ಕೆಲವೇ ತಿಂಗಳಲ್ಲಿ ಸಾವಿರಕ್ಕೆ ಹತ್ತಿರ ಮಂದಿ ಸತ್ತರು. ಅಪ್ಪ ಮೊದಲ ಯುದ್ಧದಲ್ಲಿ ಹೋರಾಡಿದ ಶತ್ರುಗಳಲ್ಲಿ ಇಟಲಿಯೂ ಒಂದು. ಮಕ್ಕಳನ್ನು ನಾಜಿಗಳಿಂದ ಪಾರುಮಾಡಿದ್ದು ಅದೇ ಇಟಲಿಯ ಪೌರತ್ವ. ಈಗ ಮಕ್ಕಳು ಅಮೆರಿಕದ ಸಮವಸ್ತ್ರದಲ್ಲಿ ಅದೇ ನೆಲದಲ್ಲಿ ಜರ್ಮನರ ಎದುರು. ಇದನ್ನು ಯಾವ ಸಂಗೀತ ನಾಟಕವೂ ಬಳಸಿಕೊಂಡಿಲ್ಲ, ಬಹುಶಃ ನಂಬುವುದು ಕಷ್ಟವೆಂದು.

ಇತ್ತ ಮನೆಯಲ್ಲಿ ಮೇಳಕ್ಕೆ ಗಂಡು ದನಿಗಳೇ ಇಲ್ಲ. ವಾಸ್ನರ್ ಕೂತು ಹಾಡುಗಳನ್ನೆಲ್ಲ ಹೆಣ್ಣು ಕಂಠಗಳಿಗೆ ಹೊಂದಿಸಿ ಬರೆದರು. ಸಹೋದರಿಯರು ಹಗಲು ಮನೆ ಕಟ್ಟುತ್ತ, ಋತು ಬಂದಾಗ ಬಸ್ಸಿನಲ್ಲಿ ಹಾಡಲು ಹೊರಡುತ್ತ, 1944ರಿಂದ ಬೇಸಿಗೆಯಲ್ಲಿ ಬೆಟ್ಟದ ಬುಡದ ಹಳೆಯ ಸರ್ಕಾರಿ ಶಿಬಿರದಲ್ಲಿ ಸಂಗೀತ ಕಲಿಸುತ್ತ ಕಾಲ ತಳ್ಳಿದರು. ಅಣ್ಣ ತಮ್ಮ ಇಬ್ಬರೂ ಬದುಕಿ ಬಂದರು. ಆ ಋಣಕ್ಕೆ ವೆರ್ನರ್ ಮನೆಯ ಹಿಂದಿನ ಗುಡ್ಡದಲ್ಲಿ ಮಂದಿರ ಕಟ್ಟಿದರು, ಶಾಂತಿಮಾತೆಯ ಹೆಸರಿನಲ್ಲಿ.

ಲಾಡ್ಜಿನಿಂದ ಅಲ್ಲಿಗೆ ಕಾಡಿನ ಕಾಲುದಾರಿ, ದೂರವಿಲ್ಲ, ಆದರೆ ಏರು. ಮಂದಿರ ಎಂದರೆ ದೊಡ್ಡದನ್ನು ಊಹಿಸಬೇಡಿ. ಸಣ್ಣ ಕಲ್ಲುಕಟ್ಟಡ, ನಯ ಮಾಡದ ಕಲ್ಲುಗಳು, ಒಂದರ ಅಂಚು ಇನ್ನೊಂದಕ್ಕೆ ಸರಿಹೊಂದದ ಕಡೆ ಗಾರೆಯೇ ಗತಿ. ವರ್ಮಾಂಟಿನ ಹೊಲಗಳಲ್ಲಿ ಪ್ರತಿ ವಸಂತಕ್ಕೂ ಹಿಮ ನೆಲವನ್ನು ಉಬ್ಬಿಸಿ ಹೊಸ ಕಲ್ಲುಗಳನ್ನು ಮೇಲೆ ತರುತ್ತದೆ. ರೈತರು ಅವನ್ನು ಆರಿಸಿ ಬದುವಿಗೆ ಪೇರಿಸಿ ಗೋಡೆ ಮಾಡುತ್ತಾರೆ, ಹಾಡುವವರು ಮಾಡಿದ್ದು ಹೀಗೆ. ಗೋಡೆ ಮುಟ್ಟಿ ನೋಡಿದರೆ ವೃತ್ತಿ ಮೇಸ್ತ್ರಿಯ ಕೆಲಸವಲ್ಲ ಎಂದು ತಿಳಿಯುತ್ತದೆ. ಅದರ ಮೇಲೆ ನನಗೆ ಪ್ರೀತಿ ಹುಟ್ಟಿದ್ದೂ ಅದಕ್ಕೇ. ಕೆಳಗಿನ ಲಾಡ್ಜಿನ ಕೆತ್ತನೆಯ ಬಾಲ್ಕನಿಗಳು, ಆಸ್ಟ್ರಿಯಾದ ಚಾವಣಿ, ಹೂಕುಂಡಗಳು ಚೆನ್ನಾಗಿಯೇ ಇವೆ, ಅತಿಥಿಗಳಿಗಾಗಿ ಇವೆ. ಈ ಕಟ್ಟಡ ಮಾತ್ರ ಯಾರಿಗೂ ತೋರಿಸಲೆಂದು ಎದ್ದದ್ದಲ್ಲ.

ಗಿಯೋರ್ಗ್ 1947ರ ಮೇ ತಿಂಗಳಲ್ಲಿ ತೀರಿಕೊಂಡರು, ಅಲ್ಲೇ ಮಣ್ಣಾದರು. ಹಾಡಲು ಹೋದಾಗ ಮನೆ ಖಾಲಿ ಬೀಳುತ್ತಿತ್ತು. ಸ್ಟೋಗೆ ಸ್ಕೀ ಮಾಡಲು ಬಂದವರಿಗೆ ಉಳಿಯಲು ಕೋಣೆ ಬೇಕಿತ್ತು. 1950ರಲ್ಲಿ ಮನೆ ಲಾಡ್ಜ್ ಆಯಿತು. ಸಾಲ್ಜ್‌ಬರ್ಗ್‌ನಲ್ಲಿ ಕಷ್ಟಕ್ಕೆ ಮಾಡಿದ ಉಪಾಯವೇ ಇಲ್ಲಿ ಉದ್ಯೋಗವಾಯಿತು. 1956ರಲ್ಲಿ ಮೇಳ ನಿಂತಿತು. ಅದೇ ಹೊತ್ತಿಗೆ ಮರಿಯಾ ತಮ್ಮ ಪುಸ್ತಕದ ಹಕ್ಕನ್ನು ಜರ್ಮನ್ ನಿರ್ಮಾಪಕರಿಗೆ ಒಂಬತ್ತು ಸಾವಿರ ಡಾಲರಿಗೆ ಕೊಟ್ಟುಬಿಟ್ಟಿದ್ದರು. ಬ್ರಾಡ್‌ವೇ ನಾಟಕ, ಹಾಲಿವುಡ್ ಚಿತ್ರ ಕೋಟಿಗಟ್ಟಲೆ ಗಳಿಸಿದಾಗ ಕುಟುಂಬಕ್ಕೆ ಸಿಕ್ಕ ಪಾಲು ಅಲ್ಪ. ಸಿಕ್ಕದ್ದು ಹೆಸರು, ಆ ಹೆಸರು ಹುಡುಕಿಕೊಂಡು ಬಂದ ಜನ.

1980ರ ಡಿಸೆಂಬರ್ 20ರ ಕೊರೆಯುವ ಚಳಿಯಲ್ಲಿ ಲಾಡ್ಜ್ ಹೊತ್ತಿ ಉರಿಯಿತು. ಒಬ್ಬ ಅತಿಥಿ ತೀರಿಕೊಂಡರು. ಹೆಣ್ಣುಮಕ್ಕಳು ಕಟ್ಟಿದ ಮರದ ಮನೆ ಬೂದಿಯಾಯಿತು. ಎಪ್ಪತ್ತೈದರ ಮರಿಯಾ ಬದುಕಿದರು. ಮೂರು ವರ್ಷಗಳಲ್ಲಿ ಹೊಸ ಕಟ್ಟಡ ಎದ್ದಿತು, 1987ರಲ್ಲಿ ಅವರು ಕಣ್ಮುಚ್ಚುವ ಮುನ್ನ ಅದನ್ನು ನೋಡಿದರು.

ಈ ಹೊತ್ತಿಗಾಗಲೇ ಚುಕ್ಕಾಣಿ ಕಿರಿಯ ಮಗ ಜೊಹಾನ್ನೆಸ್ ಕೈಯಲ್ಲಿತ್ತು. ಯೇಲ್‌ನಲ್ಲಿ ಅರಣ್ಯಶಾಸ್ತ್ರ ಓದಿದವರು. 1968ರಲ್ಲಿ ಇಲ್ಲಿ ಶುರುವಾದ ಸ್ಕೀ ಕೇಂದ್ರ, ಸಮತಟ್ಟು ಕಾಡುದಾರಿಯಲ್ಲಿ ಸ್ಕೀ ಮೇಲೆ ಸಾಗುವ ಬಗೆಗೆಂದೇ ಅಮೆರಿಕದಲ್ಲಿ ವಾಣಿಜ್ಯವಾಗಿ ತೆರೆದವುಗಳಲ್ಲಿ ಮೊದಲನೆಯದು ಎಂದು ಹೆಸರಾಯಿತು. ಆದರೆ ಒಂದು ಬೆಟ್ಟ, ಹತ್ತು ಮಕ್ಕಳ ವಂಶ, ಎಲ್ಲರಿಗೂ ಷೇರು. ತೊಂಬತ್ತರ ದಶಕದಲ್ಲಿ ಷೇರುಗಳ ಬೆಲೆಯ ತಕರಾರು ಎದ್ದು, 1999ರಲ್ಲಿ ವರ್ಮಾಂಟಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಿಸ್ಸೆಯ ಜಗಳ ಕಂಡ ಯಾವ ತೋಟದ ಮನೆಯವರಿಗೂ ಇದು ಹೊಸ ಕಥೆಯಲ್ಲ. ಬೆಟ್ಟ ಮಾತ್ರ ತುಂಡಾಗಲಿಲ್ಲ. ಈಗ ಜೊಹಾನ್ನೆಸರ ಮಕ್ಕಳು ಸ್ಯಾಮ್ ಮತ್ತು ಕ್ರಿಸ್ಟೀನಾ ನಡೆಸಿಕೊಂಡು ಹೋಗುತ್ತಿದ್ದಾರೆ. ಉದ್ದಗೂದಲಿನ ಹೈಲ್ಯಾಂಡ್ ದನಗಳಿವೆ, 2010ರಿಂದ ಬಿಯರ್ ತಯಾರಿಕೆ ಇದೆ.

ಮದುವೆಗಳು ಈ ಎಲ್ಲದರ ನಡುವೆ ಬಂದು ಸೇರಿಕೊಂಡ ಬೆಳೆ. ವರ್ಮಾಂಟಿನ ಕಾನೂನೂ ಅನುಕೂಲಕರ. ಹೊರರಾಜ್ಯದವರು ಯಾವುದೇ ಊರಿನ ಕ್ಲರ್ಕ್ ಕಚೇರಿಯಲ್ಲಿ ಲೈಸೆನ್ಸ್ ಪಡೆಯಬಹುದು, ಕಾಯುವ ಅವಧಿ ಇಲ್ಲ. ಸಲಿಂಗ ವಿವಾಹವನ್ನು ಕೋರ್ಟ್ ಆದೇಶಕ್ಕೆ ಕಾಯದೆ ಶಾಸನಸಭೆಯಿಂದಲೇ ಒಪ್ಪಿಕೊಂಡ ಮೊದಲ ರಾಜ್ಯವೂ ಇದೇ, 2009ರಲ್ಲಿ. ಹುಲ್ಲುಗಾವಲಿನಲ್ಲಿ ವಿಧಿ, ಮಳೆ ಬಂದರೆ ಒಳಗೆ, ಆಮೇಲೆ ಊಟ, ಕುಣಿತ. ಏಪ್ರಿಲ್ ಆಸುಪಾಸಿನಲ್ಲಿ ಮಾತ್ರ ದಾರಿಯೆಲ್ಲ ಕೆಸರು, ಎಲ್ಲ ಸ್ತಬ್ಧ. ಇದನ್ನು ವ್ಯಾಪಾರವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಈ ಜಮೀನು ಎಂದೂ ಬರೀ ಬೇಸಾಯದಿಂದ ತನ್ನ ಖರ್ಚು ತಾನೇ ತೂಗಿಸಿದ್ದಲ್ಲ. ಮೊದಲು ಹಾಡು ಸಾಕಿತು, ಆಮೇಲೆ ಅತಿಥಿ, ಈಗ ಮದುಮಕ್ಕಳೂ ಸೇರಿದ್ದಾರೆ. ನಿವೇಶನಗಳಾಗಿ ಹರಿದು ಹಂಚಿಹೋಗುವುದಕ್ಕಿಂತ ವಾಸಿಯಲ್ಲವೇ?

ಬೇಸರವೊಂದಿದ್ದರೆ ಅದು ಬೇರೆ. ಮದುವೆಗೆ ಬಂದ ಹೆಚ್ಚಿನವರು ಕೇಳುವುದು ಸಿನಿಮಾದ ಬಗ್ಗೆ, ವೆರ್ನರ್ ಬಗ್ಗೆ ಅಲ್ಲ. ಅವರೂ ಈ ಬೆಟ್ಟದಲ್ಲಿ ಬಹಳ ಕಾಲ ನಿಲ್ಲಲಿಲ್ಲ. 1948ರಲ್ಲಿ ಮದುವೆಯಾಗಿ, ಮೇಳ ಮುಗಿದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ಸಂಗೀತ ಕಲಿಸಿ, ಆಮೇಲೆ ಇದೇ ವರ್ಮಾಂಟಿನ ವೇಟ್ಸ್‌ಫೀಲ್ಡ್ ಎಂಬ ಊರಿನಲ್ಲಿ ಹೈನುಗಾರಿಕೆಗೆ ನಿಂತರು. 2007ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. ಆ ಕೊಟ್ಟಿಗೆಯಲ್ಲಿ ಈಗ ಮೊಮ್ಮಕ್ಕಳು ಹಸು ಕರೆದು ಚೀಸ್ ಮಾಡುತ್ತಾರೆ, ಅದಕ್ಕೆ ಅಜ್ಜಿಯ ನೆನಪಿಗೆ ‘ಓಮಾ’ ಎಂದು ಹೆಸರಿಟ್ಟಿದ್ದಾರೆ. ಟ್ರಾಪ್ ಕುಟುಂಬದವರು ರೈತರಾಗಿಯೇ ಬಾಳುವುದನ್ನು ನೋಡಬೇಕೆಂದರೆ, ಸ್ಟೋ ಬಿಟ್ಟು ದಕ್ಷಿಣಕ್ಕೆ ಇನ್ನಷ್ಟು ದೂರ ಹೋಗಬೇಕು.