ಯಾವ ಸಾಲಿ ಚಲೋ?

ನಾವು ಸಂತೆಗೆ ಹೋಗುತ್ತೇವೆ. ಜೋಳ ಕೊಳ್ಳುತ್ತೇವೆ. ಸುಮ್ಮನೆ ಕೊಳ್ಳುತ್ತೇವೆಯೇ? ಇಲ್ಲ. ಕೈಯಲ್ಲಿ ಹಿಡಿದು ನೋಡುತ್ತೇವೆ. ಒಂದು ಕಾಳು ಹಲ್ಲಿಗಿಟ್ಟು ಕಡಿಯುತ್ತೇವೆ. ನುಸಿ ಹತ್ತಿದೆಯೇ ನೋಡುತ್ತೇವೆ. ನಾಲ್ಕು ಕಡೆ ದರ ಕೇಳುತ್ತೇವೆ.

ಮಗುವನ್ನು ಶಾಲೆಗೆ ಹಾಕುವಾಗ ಏನು ಮಾಡುತ್ತೇವೆ? ಮಂದಿ ಹೇಳಿದ್ದನ್ನು ಕೇಳುತ್ತೇವೆ. "ಆ ಸಾಲಿ ಚಲೋ ಐತಂತ." "ಈ ಸಾಲ್ಯಾಗ ಏನೂ ಕಲಸೂದಿಲ್ಲಂತ." ಅಷ್ಟೇ.

ಮೇಲವಂಕಿ ನಮ್ಮ ಗೋಕಾಕ ಸೀಮೆಯ ಊರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಈ ಕಡೆ ಎಷ್ಟೋ ಕುಟುಂಬಗಳು ಹೊಲದಲ್ಲೇ ಮನೆ ಕಟ್ಟಿಕೊಂಡಿವೆ. ಅದಕ್ಕೆ ತೋಟ ಎನ್ನುತ್ತೇವೆ. ಊರೊಳಗೆ ಒಂದು ದೊಡ್ಡ ಸರಕಾರಿ ಶಾಲೆ ಇರುತ್ತದೆ. ತೋಟಗಳಲ್ಲಿ ಚಿಕ್ಕ ಶಾಲೆ ಇರುತ್ತವೆ. ಆಗ ಇಂಥ ಮಾತು ಬರುತ್ತದೆ:

"ಅಕ್ಕಾರ, ನಮ್ಮ ಹುಡುಗೀನ್ನ ತ್ವಾಟದ ಸಾಲಿ ಬಿಡಿಸಿ ಊರಾಗಿನ ಸಾಲಿಗೆ ಹಾಕ್ತೀನ್ರಿ."

"ಯಾಕ ತಂಗಿ?"

"ತ್ವಾಟದ ಸಾಲ್ಯಾಗ ಎರಡ ಕೋಲಿ, ಇಬ್ಬರ ಮಾಸ್ತರು. ಊರಾಗಿಂದು ದೊಡ್ಡ ಸಾಲಿ. ಬಣ್ಣ ಹಚ್ಯಾರ."

"ಒಳಗ ಹೋಗಿ ನೋಡೀ ಏನು?"

"ಇಲ್ರಿ."

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಮನೆ ಹತ್ತಿರದ ಶಾಲೆ ನಮ್ಮ ಕಣ್ಣಿಗೆ ಸಣ್ಣದು. ಅದು ನಿಜವಾಗಿ ಕಡಿಮೆ ಇರಬಹುದು. ಇಲ್ಲದೆಯೂ ಇರಬಹುದು. ನೋಡದೆ ಹೇಳುವುದು ಹೇಗೆ? ಎರಡೂ ಶಾಲೆಗೆ ಹೋಗೋಣ. ಎರಡೂ ಕಡೆ ಅವೇ ಐದು ಪ್ರಶ್ನೆ ಕೇಳೋಣ.

ಒಂದು: ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು?

ಲೆಕ್ಕ ಮಾಡೋಣ. ತೋಟದ ಶಾಲೆಯಲ್ಲಿ 50 ಮಕ್ಕಳು, 2 ಶಿಕ್ಷಕರು ಎಂದುಕೊಳ್ಳಿ. ಒಬ್ಬರಿಗೆ 25 ಮಕ್ಕಳು. ಊರ ಶಾಲೆಯಲ್ಲಿ 200 ಮಕ್ಕಳು, ಪಾಠ ಮಾಡುವವರು 5 ಮಂದಿ ಎಂದುಕೊಳ್ಳಿ. ಒಬ್ಬರಿಗೆ 40 ಮಕ್ಕಳು. ಸಣ್ಣ ಶಾಲೆಯಲ್ಲಿ ಶಿಕ್ಷಕರ ಕಣ್ಣಿಗೆ ನಮ್ಮ ಮಗು ಬೇಗ ಬೀಳುತ್ತದೆ.

ಆದರೆ ಇನ್ನೊಂದು ಮಾತೂ ಇದೆ. ಆ ಇಬ್ಬರೇ ಐದು ತರಗತಿ ನೋಡಬೇಕು. ಒಬ್ಬರು ಮೀಟಿಂಗಿಗೆ ಹೋದರೆ ಉಳಿದವರು ಒಬ್ಬರೇ. ತಿಂಗಳಲ್ಲಿ ಎಷ್ಟು ದಿನ ಹೀಗಾಗುತ್ತದೆ? ಅದನ್ನು ಕೇಳಬೇಕು.

1, 2, 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತಿದ್ದರೆ ಗಾಬರಿ ಬೇಡ. ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ.

ಎರಡು: ಎಷ್ಟು ದಿನ ಪಾಠ ನಡೆಯಿತು?

ಮಕ್ಕಳ ಶಿಕ್ಷಣ ಹಕ್ಕಿನ ಕಾನೂನು 2009ರಲ್ಲಿ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. 6ರಿಂದ 8ಕ್ಕೆ 220 ದಿನ. ಬಾಗಿಲು ತೆರೆದರೆ ಸಾಲದು, ಪಾಠವೂ ಆಗಬೇಕು. ಮಗುವಿನ ಪಾಟಿ, ನೋಟುಬುಕ್ಕು ತೆಗೆದು ನೋಡೋಣ. ಶಿಕ್ಷಕರು ಕೊನೆಗೆ ತಿದ್ದಿದ್ದು ಯಾವಾಗ? ತಾರೀಖು ಅಲ್ಲೇ ಇರುತ್ತದೆ.

ಮೂರು: ನೀರು, ಪಾಯಖಾನೆ, ಊಟ ಹೇಗಿದೆ?

ಶಾಲೆಯಲ್ಲಿ ಕುಡಿಯುವ ನೀರು ಇರಬೇಕು. ಹುಡುಗಿಯರಿಗೆ ಬೇರೆ ಪಾಯಖಾನೆ ಇರಬೇಕು. ಇದೂ ಅದೇ ಕಾನೂನಿನ ಮಾತು. ಪಾಯಖಾನೆ ಇದೆ, ಬೀಗ ಹಾಕಿದೆ ಎಂದರೆ ಅದು ಇದ್ದಂತೆ ಅಲ್ಲ. ಒಳಗೆ ನೀರಿಲ್ಲದಿದ್ದರೂ ಹಾಗೇ. ದೊಡ್ಡವಳಾದ ಮಗಳು ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಉಳಿಯುವುದು ಯಾಕೆ? ಅದು ನಮಗೆ ಹೇಳಿಕೊಡಬೇಕಾಗಿಲ್ಲ.

ಮಧ್ಯಾಹ್ನದ ಬಿಸಿಯೂಟಕ್ಕೂ ಲೆಕ್ಕ ಇದೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. 6ರಿಂದ 8ಕ್ಕೆ 150 ಗ್ರಾಂ. ಒಂದು ದಿನ ಊಟದ ಹೊತ್ತಿಗೇ ಹೋಗೋಣ. ಸಾರು ನೀರಾಗಿದೆಯೋ ಗಟ್ಟಿಯಾಗಿದೆಯೋ, ಅಡುಗೆ ಮಾಡುವ ನಮಗೆ ನೋಡಿದರೆ ಸಾಕು, ಗೊತ್ತಾಗುತ್ತದೆ.

ನಾಲ್ಕು: ದಾರಿ ಹೇಗಿದೆ?

5ನೇ ತರಗತಿವರೆಗಿನ ಶಾಲೆ ಮನೆಯಿಂದ 1 ಕಿಲೋಮೀಟರಿನೊಳಗೆ ಇರಬೇಕು. 6ರಿಂದ 8ನೇ ತರಗತಿಯದು 3 ಕಿಲೋಮೀಟರಿನೊಳಗೆ. ಊರ ಶಾಲೆ ಚಲೋ ಇದ್ದರೂ ದಾರಿ ಹೇಗೆ? ಕಾಲುವೆ ದಾಟಬೇಕೇ? ಎರಡೂ ಕಡೆ ಎದೆ ಮೀರಿ ಬೆಳೆದ ಕಬ್ಬಿದೆಯೇ? ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು ಸಾಲಾಗಿ ಓಡುತ್ತವೆಯೇ? ಮಗಳು ಒಬ್ಬಳೇ ಹೋಗಬೇಕೇ, ಜೊತೆ ಇದೆಯೇ? ದಾರಿಗೆ ಹೆದರಿ 5ನೇ ತರಗತಿಗೇ ಸಾಲಿ ಬಿಟ್ಟ ಹುಡುಗಿಯರು ನಮ್ಮಲ್ಲಿ ಎಷ್ಟಿದ್ದಾರೆ, ನೆನಪು ಮಾಡಿಕೊಳ್ಳಿ.

ಐದು: ಮಗು ಓದುತ್ತದೆಯೇ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಪ್ರಥಮ್ ಎಂಬ ಸಂಸ್ಥೆ 2005ರಲ್ಲಿ ಅಸರ್ ಎಂಬ ಸಮೀಕ್ಷೆ ಶುರು ಮಾಡಿತು. ಅವರು ಹಳ್ಳಿ ಮನೆಗಳಿಗೇ ಹೋಗುತ್ತಾರೆ. ಮಗುವಿನ ಕೈಗೆ 2ನೇ ತರಗತಿ ಮಟ್ಟದ ಒಂದು ಪಾಠ ಕೊಡುತ್ತಾರೆ. ಒಂದು ಭಾಗಾಕಾರ ಮಾಡಿಸುತ್ತಾರೆ. 5ನೇ ತರಗತಿಗೆ ಬಂದರೂ ಆ ಪಾಠ ಓದಲಾಗದ ಮಕ್ಕಳು ಬಹಳ ಸಿಗುತ್ತಾರೆ. ಸರಕಾರಿ ಶಾಲೆಯಲ್ಲೂ ಸಿಗುತ್ತಾರೆ, ಫೀ ಕಟ್ಟುವ ಶಾಲೆಯಲ್ಲೂ ಸಿಗುತ್ತಾರೆ.

ಈ ಪರೀಕ್ಷೆ ನಾವೂ ಮಾಡಬಹುದು. 2ನೇ ತರಗತಿ ಪುಸ್ತಕ ಈಗ ನಮಗೂ ಓದಲು ಬರುತ್ತದೆ! ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಒಂದು ಪುಟ ಅದು ಓದಲಿ. ಒಂದು ಪುಟ ನಾವು ಓದೋಣ. ತಪ್ಪಿದರೆ ಬೈಯುವುದು ಬೇಡ. ಎಲ್ಲಿ ತಡವರಿಸಿತು ಎಂದು ಗುರುತು ಹಾಕಿಕೊಂಡು ಶಿಕ್ಷಕರನ್ನು ಕೇಳೋಣ.

ತೂಗುವಾಗ ಒಂದು ನ್ಯಾಯ

ಎಲ್ಲ ಶಾಲೆಗೂ ಬರುವ ಮಕ್ಕಳು ಒಂದೇ ತರ ಅಲ್ಲ. ಒಂದು ಶಾಲೆಯ ಮಕ್ಕಳಿಗೆ ಮನೆಯಲ್ಲಿ ಓದಿಸುವವರಿದ್ದಾರೆ. ಇನ್ನೊಂದು ಶಾಲೆಯ ಮಕ್ಕಳು ಹಂಗಾಮು ಬಂದರೆ ಅವ್ವ-ಅಪ್ಪನ ಜೊತೆ ಕಬ್ಬು ಕಡಿಯುವ ಕಡೆ ಹೋಗುತ್ತಾರೆ. ತಿಂಗಳುಗಟ್ಟಲೆ ಪಾಠ ತಪ್ಪುತ್ತದೆ. ಇಬ್ಬರನ್ನೂ ಒಂದೇ ಮಾರ್ಕಿನಲ್ಲಿ ತೂಗಿದರೆ ಅನ್ಯಾಯ. ಜೂನ್ ತಿಂಗಳಲ್ಲಿ ಮಗು ಎಲ್ಲಿತ್ತು, ಮಾರ್ಚಿನಲ್ಲಿ ಎಲ್ಲಿಗೆ ಬಂತು? ಅಷ್ಟು ದೂರ ಕರೆತಂದ ಶಾಲೆಯೇ ಚಲೋ ಶಾಲೆ.

ನೋಡಿದ ಮೇಲೆ ಏನು?

ಐದೂ ಪ್ರಶ್ನೆಗೆ ಉತ್ತರ ಸಿಕ್ಕಿತು. ತೋಟದ ಶಾಲೆ ಸರಿಯಿಲ್ಲ ಅನ್ನಿಸಿತು. ಮಗಳನ್ನು ಬೇರೆ ಸರಕಾರಿ ಶಾಲೆಗೆ ಹಾಕಬಹುದು. ಅದು ಹಕ್ಕು. ಮುಖ್ಯ ಶಿಕ್ಷಕರು ತಡ ಮಾಡದೆ ಟಿ.ಸಿ. ಕೊಡಬೇಕು.

ಆದರೆ ಅದಕ್ಕೂ ಮುಂಚೆ ಇನ್ನೊಂದು ಲೆಕ್ಕ ನೋಡೋಣ. 5ನೇ ತರಗತಿವರೆಗಿನ ಶಾಲೆಯಲ್ಲಿ 61 ಮಕ್ಕಳಿದ್ದರೆ ಕಾನೂನಿನ ಪ್ರಕಾರ 3 ಶಿಕ್ಷಕರು. 60 ಮಕ್ಕಳಿದ್ದರೆ 2 ಶಿಕ್ಷಕರು. ಒಂದೇ ಮಗು ಕಡಿಮೆಯಾದರೆ ಲೆಕ್ಕದಲ್ಲಿ ಒಬ್ಬ ಶಿಕ್ಷಕರು ಕಡಿಮೆ! ನಮ್ಮಲ್ಲಿ ಕೆಲವರು ಬಿಟ್ಟು ಹೋಗುತ್ತೇವೆ. ಹೋಗಲಾಗದವರ ಮಕ್ಕಳು ಅಲ್ಲೇ ಉಳಿಯುತ್ತಾರೆ. ಅವರ ಶಾಲೆ ಇನ್ನೂ ಸೊರಗುತ್ತದೆ.

ಹಾಗಾದರೆ ಸುಮ್ಮನೆ ಕೂರಬೇಕೇ? ಬೇಡ. ಶಾಲೆಗೆ ಎಸ್.ಡಿ.ಎಂ.ಸಿ. ಇದೆ. ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ ಇದು 2001ರಲ್ಲಿ ಶುರುವಾಯಿತು. ಶಿಕ್ಷಣ ಹಕ್ಕಿನ ಕಾನೂನು ಹೇಳುವಂತೆ ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು. ಅರ್ಧ ಭಾಗ ಹೆಣ್ಣುಮಕ್ಕಳು ಇರಬೇಕು. ಶಾಲೆಗೆ ಏನು ಬೇಕು ಎಂಬ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ.

ಆ ಸಭೆಗೆ ಹೋಗೋಣ. "ನಮ್ಮ ಸಾಲಿ ಸರಿಯಿಲ್ಲ" ಎಂದಷ್ಟೇ ಹೇಳಿದರೆ ಕೇಳುವವರಿಲ್ಲ. "ಆ ಶಾಲೆಯ ಪಾಯಖಾನೆಯಲ್ಲಿ ನಲ್ಲಿ ಇದೆ. ನಮ್ಮದರಲ್ಲಿ ಇಲ್ಲ. ಯಾವಾಗ ಹಾಕಿಸ್ತೀರಿ?" ಎಂದು ಕೇಳೋಣ. ಕಂಡದ್ದನ್ನು ಹೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಉತ್ತರ ಬರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಬರೆಯೋಣ. ಹತ್ತು ತಾಯಂದಿರು ಕೂಡಿ ಬರೆಯೋಣ.

ಹಿಂದೆ ಸಭೆಯ ಪುಸ್ತಕ ಮನೆಗೆ ಬರುತ್ತಿತ್ತು. ಏನು ಬರೆದಿದೆ ಗೊತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಕಳಿಸುತ್ತಿದ್ದೆವು. ಈಗ ನಮಗೆ ಅಕ್ಷರ ಬರುತ್ತದೆ. ಮೊದಲು ಓದೋಣ. ಆಮೇಲೆ ಸಹಿ ಮಾಡೋಣ.

ಮಾಡಿ ನೋಡೋಣ

1. ನಿಮ್ಮ ಶಾಲೆಯಲ್ಲಿ ಮಕ್ಕಳೆಷ್ಟು, ಶಿಕ್ಷಕರೆಷ್ಟು? ಭಾಗಿಸಿ ಬರೆಯಿರಿ.
2. ಎಸ್.ಡಿ.ಎಂ.ಸಿ.ಯಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳಿದ್ದಾರೆ? ಅವರು ಸಭೆಗೆ ಬರುತ್ತಾರೆಯೇ?
3. ಇವತ್ತು ರಾತ್ರಿ ಮಗುವಿನ ಜೊತೆ ಕೂತು ಒಂದು ಪುಟ ಓದಿ.