ಕರ್ತೃವಿಲ್ಲದ ಹೊತ್ತು: ಕನ್ನಡದ ಕಾಲಸೂಚಕ ವಾಕ್ಯಗಳು

2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ ಪ್ರಸಿದ್ಧವಾದುದು. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವುದು ಇಳಿಹೊತ್ತಿನಲ್ಲಿ. ಅಂಥ ಕಾಯುವಿಕೆಗೆ ಈ ಸೀಮೆಯ ಆಡುಮಾತಿನಲ್ಲಿ ಒದಗುವ ವಾಕ್ಯಗಳು ಬಹು ಚಿಕ್ಕವು: ‘ಹೊತ್ತಾತು’, ‘ಸಂಜಿಯಾತು’, ‘ಕತ್ತಲಾತು’. ಏನಾಯಿತೆಂಬುದು ಇಲ್ಲಿ ಸ್ಪಷ್ಟವಿದೆ. ಹಾಗೆ ಆದದ್ದು ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಕರ್ತೃ, ಕರ್ಮ, ಕ್ರಿಯೆಗಳೆಂದು ವಾಕ್ಯವನ್ನು ಬಿಡಿಸುವ ಶಾಲಾ ವ್ಯಾಕರಣಕ್ಕೆ ಇವು ಒಗ್ಗುವುದಿಲ್ಲ.

ಇದು ಕನ್ನಡದ ಕೊರತೆಯೇನಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಲೂಕೆಸ್ಕಿಟ್’ ಎಂದರೆ ಬೆಳಗಾಗುತ್ತಿದೆ, ‘ವೆಸ್ಪೆರಾಸ್ಕಿಟ್’ ಎಂದರೆ ಸಂಜೆಯಾಗುತ್ತಿದೆ. ಎರಡೂ ಪ್ರಥಮಪುರುಷ ಏಕವಚನದ ರೂಪಗಳು. ಕರ್ತೃಪದವಿಲ್ಲದೆಯೇ ಪೂರ್ಣ ವಾಕ್ಯಗಳು. ಅವುಗಳ ನಡುವೆ ಬರುವ ‘ಸ್ಕ್’ ಎಂಬ ಪ್ರತ್ಯಯ ಒಂದು ಸ್ಥಿತಿ ತೊಡಗುವುದನ್ನು ಸೂಚಿಸುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ‘ಆಗು’ ಧಾತು ಮಾಡುತ್ತದೆ.

‘ಬೆಳಗು’ ಎಂಬುದನ್ನೇ ಕರ್ತೃವೆಂದು ಏಕೆ ಹೇಳಬಾರದು ಎಂಬ ಆಕ್ಷೇಪ ಬರಬಹುದು. ಇದಕ್ಕೆ ಗಡಿಯಾರದ ಮಾತೇ ಉತ್ತರ ಕೊಡುತ್ತದೆ. ವೇಳೆ ಕೇಳಿದವರಿಗೆ ‘ಐದು ಗಂಟೆಯಾಯಿತು’ ಎನ್ನುತ್ತೇವೆ. ‘ಐದು ಗಂಟೆಗಳಾದವು’ ಎಂದರೆ ಐದು ತಾಸುಗಳು ಕಳೆದವೆಂದೇ ಅರ್ಥ. ಅಲ್ಲಿ ಬಹುವಚನದ ಕರ್ತೃವಿಗೆ ಕ್ರಿಯಾಪದ ಹೊಂದಿಕೊಂಡಿದೆ. ವೇಳೆಯನ್ನು ಹೇಳುವಾಗ ಸಂಖ್ಯೆ ಎಷ್ಟೇ ಇರಲಿ, ಕ್ರಿಯಾಪದ ನಪುಂಸಕ ಏಕವಚನದಲ್ಲೇ ನಿಲ್ಲುತ್ತದೆ. ಹೊಂದಿಕೊಳ್ಳಲು ಕರ್ತೃವಿಲ್ಲವೆಂಬುದೇ ಇದಕ್ಕೆ ಕಾರಣವೆನ್ನಬೇಕು.

‘ಹೊತ್ತು’ ಎಂಬ ಪದದ ನಡೆ ಇನ್ನೂ ಕುತೂಹಲಕರ. ಹಳಗನ್ನಡದ ‘ಪೊತ್ತು’ ಇದರ ಪೂರ್ವರೂಪ. ಸೂರ್ಯ, ಕಾಲ ಎಂಬ ಎರಡೂ ಅರ್ಥಗಳು ಇದಕ್ಕಿವೆ. ‘ಹೊತ್ತು ಮುಳುಗಿತು’ ಎಂದಾಗ ಮುಳುಗಿದ್ದು ಸೂರ್ಯ, ಕರ್ತೃ ಕಣ್ಣೆದುರಿಗಿದ್ದಾನೆ. ‘ಹೊತ್ತಾಯಿತು’ ಎಂದಾಗ ಸೂರ್ಯ ವಾಕ್ಯದಿಂದ ಮರೆಯಾಗಿ, ತಡವಾಯಿತೆಂಬ ಭಾವವಷ್ಟೇ ಉಳಿಯುತ್ತದೆ. ಪದ ಒಂದೇ ಆದರೂ ವಾಕ್ಯರಚನೆ ಬೇರೆ.

ಇಂಥವನ್ನು ಭಾವೇಪ್ರಯೋಗಕ್ಕೆ ಸೇರಿಸುವುದೂ ಸರಿಯಲ್ಲ. ಸಂಸ್ಕೃತದ ಆ ಪ್ರಯೋಗದಲ್ಲಿ ಕರ್ತೃ ತೃತೀಯಾ ವಿಭಕ್ತಿಯಲ್ಲಿ ಬರಬಲ್ಲದು. ಅದನ್ನು ಅನುಕರಿಸಿದ ‘ಅವನಿಂದ ಮಲಗಲ್ಪಟ್ಟಿತು’ ಎಂಬಂಥ ವಾಕ್ಯವನ್ನು ಯಾವ ಕನ್ನಡಿಗನೂ ಆಡಲಾರ. ‘ಬೆಳಗಾಯಿತು’ ಎಂಬಲ್ಲಿಯಾದರೋ ‘ಇಂದ’ ಹಚ್ಚಲು ಯಾರೂ ಇಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ಡಿ. ಎನ್. ಶಂಕರ ಭಟ್ಟರ ವಾದಕ್ಕೆ ಈ ಪುಟ್ಟ ವಾಕ್ಯಗಳು ಬಲ ಕೊಡುತ್ತವೆ. ಮನುಷ್ಯನು ಇಂಥ ವಾಕ್ಯದೊಳಗೆ ಬರುವುದಾದರೆ ಚತುರ್ಥಿಯಲ್ಲಿ ಬರುತ್ತಾನೆ: ‘ನಮಗೆ ಹೊತ್ತಾತು’.