ಲೆಕ್ಕದ ಪುಸ್ತಕದ ಎಡಪುಟ

ಆಷಾಢ ಕಳೆದು ಶ್ರಾವಣ ಕಾಲಿಡುವ ಹೊತ್ತಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಸೀಮೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಬೆಂಕಿ ಬಿದ್ದಿರುತ್ತದೆ. ಕಡ್ಡಿಗೆ ಕಟ್ಟಿ ತೂಗುಹಾಕಿದ ಹಸಿರೆಲೆ ಹಳದಿಗೆ ತಿರುಗಿ, ಒಣಗಿ, ನಡುನರವೂ ಆರುವವರೆಗೆ ಐದಾರು ದಿನ ಹಗಲಿರುಳು ಕಾವು ನೋಡುತ್ತ ಕೂರಬೇಕು. ಈ ಬೆಳೆಯ ವಿಷಯದಲ್ಲಿ ಆರೋಗ್ಯ ವಿಭಾಗವು ಹೇಳಬೇಕಾದ ಮಾತು ಬೇರೆ ಉಂಟು. ಅದನ್ನು ಇನ್ನೊಂದು ಸಂದರ್ಭಕ್ಕೆ ಇರಿಸಿಕೊಳ್ಳೋಣ. ಇಂದು ನಮ್ಮ ಗಮನವಿರುವುದು ಬ್ಯಾರನ್ ಪಕ್ಕದ ನೋಟುಬುಕ್ಕಿನ ಮೇಲೆ. ಸೌದೆ ಎಷ್ಟಾಯಿತು, ಕೂಲಿ ಎಷ್ಟಾಯಿತು ಎಂಬುದನ್ನು ಗುರುತು ಹಾಕಿಕೊಳ್ಳುವ ಪುಸ್ತಕವದು. ಬ್ಯಾರನ್ ಇಲ್ಲದ ಮನೆಯಲ್ಲಿ ಹಾಲಿನ ಡೈರಿಯ ಲೆಕ್ಕವೋ ಸ್ತ್ರೀಶಕ್ತಿ ಸಂಘದ ಉಳಿತಾಯದ ಪುಸ್ತಕವೋ ಇರುತ್ತದೆ. ‘ಬರೆಯುವುದು ನಮ್ಮಂಥವರ ಕೆಲಸವಲ್ಲ’ ಎನ್ನುವ ಭಕ್ತರು ವಾಸ್ತವವಾಗಿ ನಿತ್ಯವೂ ಬರೆಯುತ್ತಲೇ ಇದ್ದಾರೆ. ಅಂಕಿಗಳ ಪಕ್ಕದಲ್ಲಿ ನಾಲ್ಕು ಮಾತು ಸೇರುವುದಷ್ಟೇ ಬಾಕಿ.

ಹಾಗೆ ಹಿಂಜರಿಯುವುದಕ್ಕೆ ನಮ್ಮ ಪರಂಪರೆಯಲ್ಲಂತೂ ಆಧಾರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ಅಕ್ಕಿ ಆಯುವ ಕಾಯಕದ ಮಾರಯ್ಯನ ಮಡದಿ ಲಕ್ಕಮ್ಮ ಇವರೆಲ್ಲರೂ ವಚನಕಾರರು. ಕಾಯಕವನ್ನು ಬಿಟ್ಟು ಅವರು ಮಾತನ್ನು ಹುಡುಕಲು ಹೋಗಲಿಲ್ಲ. ಹಗ್ಗವೂ ದೋಣಿಯೂ ಅಕ್ಕಿಯೂ ಅವರಿಗೆ ಮಾತನ್ನು ಕೊಟ್ಟವು. ಆ ಮಾತುಗಳು ಉಳಿದದ್ದು ಯಾರೋ ಅವನ್ನು ತಾಳೆಗರಿಗೆ ಇಳಿಸಿದ್ದರಿಂದ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಹೆಸರೂ ತಿಳಿಯದ ಆ ಬರೆದಿಟ್ಟವರನ್ನು ನಾವು ನೆನೆಯುವುದು ಕಡಿಮೆ.

ಇನ್ನು ಆರೋಗ್ಯದ ಮಾತು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ, ತಮ್ಮ ಬಾಳಿನ ಅತಿ ನೋವಿನ ಸಂಗತಿಯನ್ನು ಬರೆದರು. ಉಳಿದವರು ಸಾಮಾನ್ಯ ವಿಷಯಗಳನ್ನು ಬರೆದರು. ನಡೆದ ಘಟನೆಯನ್ನೂ ಅದರಿಂದಾದ ಸಂಕಟವನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ಬರೆದ ಆ ಹೊತ್ತಿನಲ್ಲಿ ಮಾತ್ರ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು ಎಂಬುದನ್ನು ಮರೆಯಬಾರದು. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಲಾಭ ನಿಜ, ಆದರೆ ಸಣ್ಣದು ಎಂದು ಕಂಡುಬಂದಿತು. ಆದ್ದರಿಂದ ಬರವಣಿಗೆಯನ್ನು ಸಂಜೀವಿನಿ ಎಂದು ಸಾರುವವರ ಮಾತನ್ನು ನಾವು ಒಪ್ಪುವುದಿಲ್ಲ. ಖರ್ಚಿಲ್ಲದ ಸಣ್ಣ ಲಾಭವನ್ನು ಬಿಡಬೇಕಾದ ಕಾರಣವೂ ನಮಗೆ ಕಾಣದು.

ನಿದ್ರೆಯ ಸಂಗತಿ ನಮ್ಮ ರೈತಬಂಧುಗಳಿಗೆ ಇನ್ನೂ ಹತ್ತಿರದ್ದು. ಹರಾಜಿನಲ್ಲಿ ಏನು ದರ ಸಿಕ್ಕೀತು, ಸಾಲದ ಕಂತು ಎಂದು, ಆಳು ಬರುವರೋ ಇಲ್ಲವೋ ಎಂಬ ಯೋಚನೆಗಳು ಚಾಪೆಗೆ ಬೆನ್ನು ತಾಗಿದ ಕೂಡಲೇ ಏಳುತ್ತವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 57 ಮಂದಿ ಮಲಗುವ ಮುನ್ನ 5 ನಿಮಿಷ ಬರೆದರು. ಅರ್ಧ ಮಂದಿ ಮುಗಿದ ಕೆಲಸಗಳನ್ನೂ ಉಳಿದವರು ಮುಂದೆ ಮಾಡಬೇಕಾದ ಕೆಲಸಗಳನ್ನೂ ಬರೆದರು. ಎರಡನೆಯವರಿಗೆ ಸುಮಾರು 9 ನಿಮಿಷ ಬೇಗ ನಿದ್ರೆ ಹತ್ತಿತು. ಬಿಡಿಬಿಡಿಯಾಗಿ ವಿವರಿಸಿ ಬರೆದವರಿಗೆ ಇನ್ನೂ ಬೇಗ. ‘ನಾಳೆ ಬಹಳ ಕೆಲಸ’ ಎಂದು ಬರೆದರೆ ಸಾಲದು. ‘ಬೆಳಿಗ್ಗೆ ಎಮ್ಮೆಗೆ ಲಸಿಕೆ, ಆಮೇಲೆ ಬ್ಯಾಂಕು’ ಎಂದು ಬರೆಯಬೇಕು. ತಲೆ ಹೊತ್ತಿದ್ದುದನ್ನು ಪುಸ್ತಕ ಹೊತ್ತುಕೊಳ್ಳುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಇತ್ತೀಚೆಗಷ್ಟೇ ಸಾವು ಕಂಡ ಮನೆಯವರು, ಬರೆಯುತ್ತ ಹೋದಂತೆ ಉಸಿರು ಕಟ್ಟಿದಂತಾಗುವವರು ಅಲ್ಲಿಗೇ ನಿಲ್ಲಿಸಬೇಕು. ಬದುಕೇ ಬೇಡವೆಂಬ ಮಾತು ಪುಸ್ತಕದಲ್ಲಿ ಕಾಣಿಸಿಕೊಂಡರೆ ಬರೆದವರೂ, ಅದು ಕಣ್ಣಿಗೆ ಬಿದ್ದ ಮನೆಯವರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ; ಕನ್ನಡದಲ್ಲಿಯೇ ಮಾತನಾಡಬಹುದು.

ರೂಢಿ ಹೇಗೆ ಬೆಳೆಯುತ್ತದೆ? ಲಂಡನ್ನಿನ ಸಂಶೋಧಕರು 96 ಮಂದಿಯ ಹೊಸ ಅಭ್ಯಾಸಗಳನ್ನು ಗಮನಿಸಿದಾಗ, ಅವು ತಾವಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಬೇಕೆಂದು ಕಂಡಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದೆಂಬ ಅಂದಾಜು ಬಂದಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ಹಾನಿಯಾಗಲಿಲ್ಲ. ಈಗಾಗಲೇ ನಿತ್ಯ ನಡೆಯುವ ಒಂದು ಕೆಲಸಕ್ಕೆ ಹೊಸದನ್ನು ಗಂಟು ಹಾಕುವುದು ಇಲ್ಲಿಯ ಉಪಾಯ. ಪೂಜೆ ಮುಗಿಸಿ ಎದ್ದ ಮೇಲೆ, ಸಂಜೆ ಹಾಲು ಹಾಕಿ ಬಂದ ಮೇಲೆ, ಬ್ಯಾರನ್ನಿಗೆ ಸೌದೆ ಒಟ್ಟಿ ಕುಳಿತ ಮೇಲೆ, ಹೀಗೆ ಯಾವುದಾದರೂ ಒಂದು ಹೊತ್ತು ಸಾಕು. ನಾಲ್ಕು ಸಾಲಿಗಿಂತ ಹೆಚ್ಚು ಬರೆಯುವ ಹಟ ಮೊದಲ ತಿಂಗಳು ಬೇಡ.

ಏನು ಬರೆಯುವುದು ಎಂಬ ಪ್ರಶ್ನೆ ಸಹಜ. ಆ ದಿನ ಕಂಡ, ನಿನ್ನೆ ಕಾಣದಿದ್ದ ಒಂದು ಸಂಗತಿ ಸಾಕು. ಮಘೆ ಮಳೆ ಎಷ್ಟು ಹೊತ್ತಿಗೆ ಹಿಡಿಯಿತು, ಮಗು ಯಾವ ಹೊಸ ಮಾತು ತೊದಲಿತು, ಅಜ್ಜಿ ರಾಗಿ ಕೇರುವಾಗ ಯಾವ ಗಾದೆ ಹೇಳಿದಳು? ಬರೆಯಲು ಬಾರದ ಅಜ್ಜಿಯ ಮಾತನ್ನು ಮೊಮ್ಮಗಳು ಬರೆದುಕೊಳ್ಳಲಿ. ಇಬ್ಬರಿಗೂ ಅದು ಒಳ್ಳೆಯ ಹೊತ್ತು. ಸೃಜನಶೀಲತೆ ಎಂಬ ದೊಡ್ಡ ಪದಕ್ಕೆ ಮನೆಯೊಳಗಿನ ಅರ್ಥ ಇದೇ ಎಂದು ನಮ್ಮ ಭಾವನೆ. ಕುವೆಂಪು ಅವರು ಮೈಸೂರಿನ ವಿದ್ಯಾರ್ಥಿದೆಸೆಯಲ್ಲಿ ಬರೆದಿಟ್ಟ ದಿನಚರಿಯ ಟಿಪ್ಪಣಿಗಳು ಎಷ್ಟೋ ವರ್ಷಗಳ ಅನಂತರ ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ಅವರಿಗೇ ಆಧಾರವಾದವು. ನಾವು ಕವಿಗಳಾಗಬೇಕಿಲ್ಲ. ಹತ್ತು ವರ್ಷದ ಹಿಂದಿನ ಮಳೆ ಯಾವ ದಿನ ಬಂದಿತ್ತೆಂದು ನೋಡಬಹುದಾದರೆ ಅದೂ ಸಂಪಾದನೆಯೇ.

ಹೊಸ ಪುಸ್ತಕ ಕೊಳ್ಳಬೇಕೆಂದು ಕಾಯುವುದು ಬೇಡ. ಚೆಂದದ ಪುಸ್ತಕ ಕೊಂಡವರು ಅದನ್ನು ಕೆಡಿಸಲು ಅಂಜಿ ಬರೆಯುವುದನ್ನೇ ಬಿಡುವುದುಂಟು. ಲೆಕ್ಕವನ್ನು ಬಲಪುಟದಲ್ಲಿ ಬರೆದು ಎಡಪುಟವನ್ನು ಖಾಲಿ ಬಿಟ್ಟರಾಯಿತು. ಮೊದಲು ದಿನಾಂಕ, ಆಮೇಲೆ ಮಾತು. ಪೆನ್ನನ್ನು ದಾರದಿಂದ ಪುಸ್ತಕಕ್ಕೇ ಕಟ್ಟಿಡುವುದು ಲೇಸು, ಇಲ್ಲವಾದರೆ ಮನೆಯ ಮಕ್ಕಳು ಅದನ್ನು ಶಾಲೆಗೆ ಒಯ್ದಿರುತ್ತಾರೆ.